ಬಾಯಲ್ಲೇ ಓಡುವ ಇಂಜಿನ್

ಹಳೆಯ ಪಿಕಪ್ಪಿನ ಇಂಜಿನ್ ಹೊಸ ಆವಾಜ್ ಶುರು ಮಾಡಿದಾಗ ಮಾಲೀಕ ಗ್ಯಾರೇಜಿನ ಮುಂದೆ ನಿಂತು ಅದನ್ನು ಬಾಯಿಂದ ಮಾಡಿ ತೋರಿಸುತ್ತಾನಲ್ಲ, ಅವನನ್ನು ಕಂಡು ನಗುವವರ ಮೇಲೆ ನನಗೆ ತಕರಾರಿದೆ. ನಾನೂ ಅದೇ ಜಾತಿಗೆ ಸೇರಿದವನೆಂಬ ನಾಚಿಕೆ, ಸ್ವಲ್ಪ ಹೆಮ್ಮೆ, ಎರಡೂ ಬದಿಗಿರಲಿ. ರಿಪೇರಿಯ ಅರ್ಧ ಕೆಲಸ ಆ ಬಾಯಲ್ಲೇ ಮುಗಿದಿರುತ್ತದೆ ಎಂಬುದು ನನ್ನ ವಾದ. ಗಡಿಯಾಚೆ ಜಹೀರಾಬಾದಿನಲ್ಲಿ ಮಹೀಂದ್ರಾದ ಟ್ರ್ಯಾಕ್ಟರ್ ಕಾರ್ಖಾನೆಯೇ ಇದ್ದರೂ ನಮ್ಮ ಬೀದರ ಜಿಲ್ಲೆಯ ಚಿಂತಾಕಿಯ ಹಳೆಯ ಗಾಡಿ ಮೊದಲು ಹೋಗಿ ನಿಲ್ಲುವುದು ಔರಾದಿನ ಯಾವುದೋ ಉಸ್ತಾದರ ಮುಂದೆ. ಅಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಎಲ್ಲ ನಡೆಯುತ್ತವೆ. ಇಂಜಿನ್ನಿನ ಮಾತು ಬಂದಾಗ ಮಾತ್ರ ಎಲ್ಲರೂ ‘ಟಕ್ ಟಕ್’ಗೆ ಇಳಿಯುತ್ತಾರೆ.

ಆ ಪ್ರದರ್ಶನವನ್ನು ಸಾವಧಾನವಾಗಿ ನೋಡಬೇಕು. ‘ಉಸ್ತಾದ್, ಥಂಡ ಇದ್ದಾಗ ಟಕ್ ಟಕ್ ಅಂತದ್ರಿ’ ಎಂದು ಶುರುವಾಗುತ್ತದೆ. ಮುಂದೆ ಕೆನ್ನೆ ಉಬ್ಬುತ್ತದೆ, ಇಲ್ಲದ ಎಕ್ಸಿಲೇಟರನ್ನು ಬಲಗಾಲು ನೆಲದಲ್ಲಿ ಒತ್ತುತ್ತದೆ, ಟಕ್ ಟಕ್ ಹೋಗಿ ಟಕಟಕಟಕ ಆಗುತ್ತದೆ, ಕೈ ಗಾಳಿಯಲ್ಲೇ ಸೆಕೆಂಡ್ ಗೇರ್ ಹಾಕುತ್ತದೆ. ಕ್ಲೀನರ್ ಹುಡುಗನಿಗೆ ಸಹನೆ ಎಲ್ಲಿಯದು? ‘ಟಕ್ ಅಲ್ಲ ಕಾಕಾ, ಡಗ್!’ ಚಹಾ ಕುಡಿಯುತ್ತಿದ್ದವನು ಕೇಳದೆಯೇ ‘ಖಟ್’ ಸೇರಿಸುತ್ತಾನೆ. ಮೂವರೂ ಕೂಡಿ ಭಜನೆಗೆ ನಿಂತಾಗ ಉಸ್ತಾದರು ‘ಕ್ಲಚ್ ಒತ್ತಿದ್ರ?’ ಎಂದಷ್ಟೇ ಕೇಳುತ್ತಾರೆ. ಎಡಗಾಲು ಧೂಳಿನಲ್ಲಿ ಒತ್ತುತ್ತದೆ, ಬಾಯಿ ಮಾತ್ರ ನಿಲ್ಲುವುದಿಲ್ಲ. ಅಲ್ಲಿಗೆ ಗೇರ್ ಬಾಕ್ಸಿನ ಮೇಲಿನ ಗುಮಾನಿ ಹೆಚ್ಚುಕಡಿಮೆ ಹೋಯಿತು, ಒಂದು ಪಾನಾ ಕೂಡ ಕೈಗೆತ್ತಿಕೊಳ್ಳದೆ. ತಾಳಕ್ಕೂ ಬೆಲೆಯಿದೆ. ನಾಲ್ಕು ಸ್ಟ್ರೋಕಿನ ಇಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಕ್ಯಾಮ್ ಒಂದೇ ಸುತ್ತು. ನಿಮಿಷಕ್ಕೆ 800 ಸುತ್ತಿನ ಐಡಲಿನಲ್ಲಿ ಕ್ರ್ಯಾಂಕಿನದು ಸೆಕೆಂಡಿಗೆ 13 ಸುತ್ತು. ಸಡಿಲಾದ ಒಂದು ಟ್ಯಾಪೆಟ್ ಬಡಿಯುವುದು ಸುಮಾರು 7 ಸಲ. ಏಳಕ್ಕೆ ನಾಲಿಗೆ ಹೊಂದಿಕೊಳ್ಳುತ್ತದೆ, ಹದಿಮೂರಕ್ಕೆ ತೊದಲುತ್ತದೆ. ಆ ತೊದಲೂ ಒಂದು ಪುರಾವೆಯೇ.

ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋದರೆ ಸಾಲದೇ ಎನ್ನುವವರಿದ್ದಾರೆ. ಮೊಬೈಲ್ ಆವಾಜನ್ನು ಹಿಡಿಯುತ್ತದೆ; ಆಗ ಗಾಡಿಯಲ್ಲಿ ಲೋಡ್ ಇತ್ತೇ, ಏರು ಇತ್ತೇ, ಬೆಳಗಿನ ಮೊದಲ ಸೆಲ್ಫೇ ಎಂಬುದು ಅದಕ್ಕೆ ಗೊತ್ತಿಲ್ಲ. ಸ್ಕ್ಯಾನರ್ ಹಾಕಿ ಎಂದರೆ, ಹಳೆಯ ಮೆಕ್ಯಾನಿಕಲ್ ಪಂಪಿನ ಡೀಸೆಲ್ ಗಾಡಿಯಲ್ಲಿ ಅದನ್ನು ಚುಚ್ಚಲು ತೂತೇ ಇಲ್ಲ. ಉಸ್ತಾದರೇ ಕಿವಿಗೊಟ್ಟು ಕೇಳಲಿ ಎಂಬುದು ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಕೇಳುತ್ತಾರೆ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ. ಪ್ಯಾರಿಸ್ಸಿನ ವೈದ್ಯ ಲೆನೆಕ್ 1816ರಲ್ಲಿ ಕಾಗದದ ಸುರುಳಿಯನ್ನು ರೋಗಿಯ ಎದೆಗಿಟ್ಟು ಸ್ಟೆತಸ್ಕೋಪಿಗೆ ನಾಂದಿ ಹಾಡಿದ್ದೂ ಇದೇ ಉಪಾಯದಿಂದ. ಆದರೆ ಗಾಡಿ ಚಿಂತಾಕಿಯಿಂದ ಔರಾದ ಮುಟ್ಟುವಷ್ಟರಲ್ಲಿ ಇಂಜಿನ್ ಕಾದಿರುತ್ತದೆ. ಅಲ್ಯೂಮಿನಿಯಂ ಪಿಸ್ಟನ್, ಬೀಡುಕಬ್ಬಿಣದ ಬ್ಲಾಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಥಂಡಿಯಲ್ಲಿ ಸಿಲಿಂಡರಿನ ಗೋಡೆಗೆ ಬಡಿಯುತ್ತಿದ್ದದ್ದು ಉಸ್ತಾದರೆದುರು ಸಾಧುವಾಗುತ್ತದೆ. ಇನ್ನು ಸಾಕ್ಷಿ ಎಲ್ಲಿಂದ ತರುವುದು? ಮಾಲೀಕನ ಬಾಯಿಂದಲೇ.

ಕಟ್ಟೆಯ ಮೇಲೆ ಕೂತು ‘ಮಾರಿ ಹೊಸಾದು ತಗೋ’ ಎನ್ನುವ ಮಹಾಶಯರಿಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ, ಸಿಟ್ಟಿದೆ. ಸೋಯಾ ರಾಶಿ ಹೊಲದಲ್ಲಿದ್ದು ಮೋಡ ಕವಿದಾಗ ಆ ಗಾಡಿ ನಿಂತರೆ ಒಂದು ಮನೆಯ ವರ್ಷದ ಲೆಕ್ಕವೇ ತಪ್ಪುತ್ತದೆ. ಹೊಸದರ ಕಂತನ್ನು ಕಟ್ಟೆ ಕಟ್ಟುವುದಿಲ್ಲ. ಟೇಪಿನ ವಾಲ್ಯೂಮ್ ಏರಿಸಿ ಆವಾಜ್ ಮುಚ್ಚುವ ಚಿಕಿತ್ಸೆಯೂ ಚಾಲ್ತಿಯಲ್ಲಿದೆ, ಅದು ಕಟ್ಟೆಯ ಸಲಹೆಗಿಂತ ಅಗ್ಗ, ಅಷ್ಟೇ ದಂಡ. ಆದ್ದರಿಂದ ಬಾಯಿಂದ ಇಂಜಿನ್ ಓಡಿಸುವವರು ಸಿಕ್ಕರೆ ನಗುವ ಮೊದಲು ಒಂದು ಪ್ರಶ್ನೆ ಕೇಳಿ: ಥಂಡಿಯಲ್ಲೋ, ಬಿಸಿಯಲ್ಲೋ? ಥಂಡಿಯಲ್ಲಿ ಬಡಿದು ಬಿಸಿಗೆ ಅಡಗುವುದು ನಾಳೆಯವರೆಗೆ ಕಾಯಬಹುದು. ಬಿಸಿಯಾದಂತೆ, ಲೋಡ್ ಬಿದ್ದಂತೆ ಒಳಗಿನಿಂದ ದಪ್ಪಗೆ ಬಡಿಯುತ್ತಿದ್ದರೆ ತೆಳುವಾದ ಆಯಿಲ್ಲಿನಲ್ಲಿ ಬೇರಿಂಗ್ ಸವೆಯುತ್ತಿರಬಹುದು. ಇಂಜಿನ್ ಬಂದ್ ಮಾಡಿ ಆಯಿಲ್ ಕಡ್ಡಿ ಎಳೆದು ನೋಡಿ.