ನನಗರ್ಧ ಸಾಕವ್ವಾ

ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆಗೆ ಕೊಟ್ಟರು, ಆಮೇಲೆ ಬಳ್ಳಾರಿಗೆ ಮರಳಿಸಿದರು. 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಜತೆ ವಿಜಯನಗರ ಜಿಲ್ಲೆಗೆ ಸೇರಿಸಿದರು. ಜಿಲ್ಲೆ ಬದಲಾದರೂ ಈ ಐದೂರಿನವರ ಚಾ ಬದಲಾಗಲಿಲ್ಲ. ಮಂಡಕ್ಕಿ-ಮಿರ್ಚಿ ತಿಂದರೂ ಚಾ, ಮಣ್ಣಿಗೆ ಹೋಗಿ ಬಂದರೂ ಚಾ.

ಇಂಥ ಸೀಮೆಯಲ್ಲಿ ಚಾ ಬೇಡವೆನ್ನುವುದು ಬಸುರಿಗೆ ಮಾತ್ರ. ತಂಗಿ ಹೆರಿಗೆಗೆಂದು ಕೊಟ್ಟೂರಿನ ತವರಿಗೆ ಬಂದ ಕೂಡಲೇ ದೊಡ್ಡವ್ವ ಬಸಿಯಲ್ಲಿ ಚಾ ಸುರಿದುಕೊಂಡು, ಸೊರ್ರನೆ ಹೀರಿ, ಹೇಳಿದಳು: "ಚಾ ಕುಡದ್ರ ಕೂಸು ಕರ್ರಗ ಹುಟ್ಟತೈತಿ ನೋಡವಾ." ಚಾಪುಡಿಯ ಮುಖವನ್ನೇ ಕಾಣದ ನಮ್ಮ ಮುತ್ತಜ್ಜ ಇದ್ದಿಲಿನ ಬಣ್ಣದವನಂತೆ. ಅದನ್ನು ಕೇಳುವ ಧೈರ್ಯ ಯಾರಿಗಿದೆ?

ಆದರೆ ನಿಷೇಧ ಮುರಿದವರು ನೋಡಲು ಬಂದವರೇ. "ನನಗರ್ಧ ಸಾಕವ್ವಾ" ಎನ್ನುವುದು ಇಲ್ಲಿಯ ಮರ್ಯಾದೆ. ಉಳಿದರ್ಧ ಚೆಲ್ಲುವುದು ಮರ್ಯಾದೆಯಲ್ಲ. ಅದು ಸದ್ದಿಲ್ಲದೆ ತಂಗಿಯ ಲೋಟಕ್ಕೆ ಇಳಿಯುತ್ತಿತ್ತು. ಊರೆಲ್ಲ ನೆಂಟರು!

ಚಾದಿಂದ ಬಣ್ಣ ಬದಲಾಗುವುದಿಲ್ಲ. ಲೆಕ್ಕ ಬೇರೆಯೇ ಇದೆ. ಬಸುರಿಗೆ ದಿನಕ್ಕೆ 200 ಮಿಲಿಗ್ರಾಂ ಕೆಫೀನು ಮೀರಬಾರದೆಂದು ಹಲವು ದೇಶಗಳ ವೈದ್ಯರು ಹೇಳುತ್ತಾರೆ. ಅತಿಯಾದರೆ ಕೂಸಿನ ತೂಕ ಕಡಿಮೆಯಾಗಬಹುದು. 150 ಮಿಲಿಲೀಟರ್ ಚಾದಲ್ಲಿ 30ರಿಂದ 65 ಮಿಲಿಗ್ರಾಂ, ಅಷ್ಟೇ ಫಿಲ್ಟರ್ ಕಾಫಿಯಲ್ಲಿ 80ರಿಂದ 120 ಎಂದು ಐಸಿಎಂಆರ್ ಹೇಳುತ್ತದೆ. ನಮ್ಮ ಗ್ಲಾಸು ಚಿಕ್ಕದು ನಿಜ, ಎಷ್ಟು ಗ್ಲಾಸು ಎಂದು ಎಣಿಸುವವರಾರು? ಇನ್ನೊಂದು ಪೇಚೆಂದರೆ, ದೊಡ್ಡವರ ಮೈಯಲ್ಲಿ ಸುಮಾರು 5 ತಾಸಿಗೆ ಅರ್ಧಕ್ಕಿಳಿಯುವ ಕೆಫೀನು ತುಂಬು ಬಸುರಿಯಲ್ಲಿ ಅದರ ಮೂರುಪಟ್ಟು ಹೊತ್ತು ಕೂತಿರುತ್ತದೆ.

ಆಶಾ ಕಾರ್ಯಕರ್ತೆಗೆ ಸಿಟ್ಟು ಬಂದಿದ್ದು ಬೇರೆ ಕಾರಣಕ್ಕೆ. ಆಕೆ ಕೊಟ್ಟ ಕಬ್ಬಿಣಾಂಶದ ಗುಳಿಗೆಯನ್ನು ತಂಗಿ ಚಾದೊಂದಿಗೇ ನುಂಗುತ್ತಿದ್ದಳು. ಚಾದ ಒಗರು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. "ಒಂದು ತಾಸು ಹಿಂದ-ಮುಂದ ಚಾ ಬ್ಯಾಡ, ಲಿಂಬಿ ಶರಬತ್ತು ಕುಡೀರಿ" ಎಂದು ಗದರಿದಳು.

ಹೆರಿಗೆಯಾದ ಮೇಲೆ ದೊಡ್ಡವ್ವನ ಕಾನೂನೇ ತಿರುಗಿತು. ತಣ್ಣೀರು ಬಂದ್, ಚಾ-ಟೋಸ್ಟಿಗೆ ಮಿತಿಯಿಲ್ಲ! ತಾಯಿ ಕುಡಿದ ಕೆಫೀನಿನಲ್ಲಿ ನೂರಕ್ಕೆ ಒಂದರಷ್ಟೇ ಎದೆಹಾಲಿಗೆ ಬರುವುದಾದರೂ, ಹಸುಗೂಸು ಅದರ ಅರ್ಧವನ್ನು ಹೊರಹಾಕಲು ಮೂರು ದಿನಕ್ಕೂ ಹೆಚ್ಚು ಬೇಕು. ರಾತ್ರಿಯಿಡೀ ಕಣ್ಣು ಬಿಟ್ಟಿದ್ದ ಕೂಸಿಗೆ ದೊಡ್ಡವ್ವ ದೃಷ್ಟಿ ತೆಗೆದಳು.

ಬಸುರಿ, ಬಾಣಂತಿ ಇರುವ ಮನೆಗೆ ಹೋದರೆ ದಯಮಾಡಿ ಅರ್ಧ ಚಾ ಕೇಳಬೇಡಿ. ಪೂರ್ತಿ ಕುಡಿಯಿರಿ, ಇಲ್ಲವೇ ಮಜ್ಜಿಗೆ ಕೇಳಿ.