ಏಳು ಸುತ್ತಿನ ಕಾಯಿಲ್: ಬಳಕೆದಾರರ ಕೈಪಿಡಿ

ಹಂತ 0: ದೇಶ ಆರಿಸಿಕೊಳ್ಳಿ

ಈ ಕೈಪಿಡಿಯನ್ನು ಭಾರತದಲ್ಲಿ ಓದಬಹುದು, ಪಾಲಿಸುವಂತಿಲ್ಲ. ಕರ್ನಾಟಕ ಸರ್ಕಾರ ಇ-ಸಿಗರೇಟನ್ನು 2016ರಲ್ಲೇ ನಿಷೇಧಿಸಿತು. 2019ರಲ್ಲಿ ಕೇಂದ್ರದ ಕಾಯ್ದೆ ಬಂದು ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲಕ್ಕೂ ಬಾಗಿಲು ಹಾಕಿತು. ಮಾರುವಾಗ ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜಾಹೀರಾತೂ ಅಪರಾಧವಾದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಮುಂದೆ ಎಲ್ಲಾದರೂ ಈ ವಸ್ತು ಆಕರ್ಷಕವಾಗಿ ಕಂಡರೆ ಅದು ಬರವಣಿಗೆಯ ದೋಷ.

ಆದ್ದರಿಂದ ಬ್ರಿಟನ್ ಆರಿಸಿಕೊಳ್ಳೋಣ. ಅಲ್ಲಿ ಹದಿನೆಂಟು ತುಂಬಿದವರು ಹಾಡುಹಗಲೇ ಅಂಗಡಿಗೆ ಹೋಗಿ ಕೊಳ್ಳಬಹುದು. ಸಿಗರೇಟು ಬಿಡಲಾಗದವರು ಇದನ್ನು ಹಿಡಿದು ನೋಡಬಹುದು, ಸೇದದವರು ಮಾತ್ರ ಇದರ ತಂಟೆಗೆ ಹೋಗಬೇಡಿ ಎಂದು ಸರ್ಕಾರಿ ಆರೋಗ್ಯ ಸೇವೆಯೇ ಹೇಳುತ್ತದೆ. ಸೇದಿ ಬಿಸಾಡುವ ಇ-ಸಿಗರೇಟುಗಳ, ಅಂದರೆ ವೇಪ್‌ಗಳ ಮಾರಾಟ 2025ರ ಜೂನ್ 1ರಿಂದ ಅಲ್ಲಿಯೂ ನಿಂತಿದೆ. ಉಳಿದವರೆಲ್ಲ ವೇಪಿನೊಳಗಿನ ದ್ರವವನ್ನು ಕಾಯಿಸಿ ಆವಿ ಮಾಡುವ ತಂತಿಸುರುಳಿಯನ್ನು, ಅಂದರೆ ಕಾಯಿಲನ್ನು, ಅಂಗಡಿಯಲ್ಲಿ ಸಿದ್ಧವಾಗಿ ಕೊಂಡು, ಸಿಕ್ಕಿಸಿ, ಹೊಗೆ ಬಿಡುತ್ತ ಬಸ್ ಸ್ಟಾಪಿಗೆ ನಡೆಯುತ್ತಾರೆ. ನೀವು ಹಾಗಲ್ಲ. ಕಾಯಿಲನ್ನು ನೀವೇ ಕಟ್ಟುವವರು. ಬನ್ನಿ, ಕೂತುಕೊಳ್ಳಿ.

ಹಂತ 1: ಸಾಮಾನು ಕೂಡಿಸಿ

ಬಿಚ್ಚಿ ಕಟ್ಟಬಹುದಾದ ಅಟೊಮೈಸರ್ ಒಂದು. ಅದರ ಮುಚ್ಚಳ ತೆಗೆದರೆ ಹಳೆಯ ಐವತ್ತು ಪೈಸೆ ನಾಣ್ಯದಷ್ಟಗಲದ ಒಂದು ಕಟ್ಟೆ, ಕಟ್ಟೆಯ ಮೇಲೆ ಎರಡು ಕಂಬ, ಕಂಬದಲ್ಲಿ ತೂತು, ತೂತಿಗೊಂದು ಸ್ಕ್ರೂ. ಕಾಯಿಲ್ ಕೂರುವುದು ಇದರ ಮೇಲೆ. ಜೊತೆಗೆ ತಂತಿ, 3 ಮಿಲಿಮೀಟರ್ ದಪ್ಪದ ಸರಳು, ಪಿಂಗಾಣಿ ತುದಿಯ ಚಿಮಟ, ಕಟ್ಟರ್, ಸ್ಕ್ರೂಡ್ರೈವರ್, ಹತ್ತಿ, ಓಮ್ ತೋರಿಸುವ ಮೀಟರ್, ನಲವತ್ತು ದಾಟಿದವರಿಗೆ ಓದುವ ಕನ್ನಡಕ. ಉಳಿದ ಯಾವುದನ್ನು ಮರೆತರೂ ಕೆಲಸ ಕೆಡುತ್ತದೆ; ಮೀಟರ್ ಮರೆತರೆ ಕೆಡುವುದು ಕೆಲಸವೊಂದೇ ಅಲ್ಲ. ಅದಕ್ಕೆ ಆಮೇಲೆ ಬರೋಣ.

ಹಂತ 2: ತಂತಿಯ ಜಾತಿ ನೋಡಿ

ಎರಡು ಜಾತಿ ಗೊತ್ತಿದ್ದರೆ ಸಾಕು. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿದ ಕಾಂತಲ್ ಸ್ವೀಡನ್ನಿನದು, ದೊಡ್ಡ ಕುಲುಮೆಗಳಲ್ಲಿ ಕಾಯುತ್ತ ಹೆಸರು ಮಾಡಿದ್ದು. ನಿಕಲ್ ಮತ್ತು ಕ್ರೋಮಿಯಂ ಸೇರಿದ ನಿಕ್ರೋಮ್‌ಗೆ ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದ. ಟೋಸ್ಟರ್, ಇಸ್ತ್ರಿಪೆಟ್ಟಿಗೆ, ಕರೆಂಟ್ ಒಲೆ ಎಲ್ಲ ಅದರ ಸಂತಾನ. ಹಾಸ್ಟೆಲಿನಲ್ಲಿ ವಾರ್ಡನ್ ಕಣ್ಣು ತಪ್ಪಿಸಿ, ಒಲೆಯ ತುಂಡಾದ ಸ್ಪ್ರಿಂಗನ್ನು ಎಳೆದು ಗಂಟು ಹಾಕಿ ಅನ್ನ ಬೇಯಿಸಿಕೊಂಡವರಿಗೆ ಈ ತಂತಿಯನ್ನು ಬೇರೆ ಪರಿಚಯಿಸಬೇಕಿಲ್ಲ. ನಿಕ್ರೋಮ್ ಬೇಗ ಕಾಯುತ್ತದೆ. ಕಾಂತಲ್ ಸ್ವಲ್ಪ ನಿಧಾನ, ಆದರೆ ಬಾಳಿಕೆ ಬರುತ್ತದೆ.

ಗೇಜಿನ ಸಂಖ್ಯೆ ಏರಿದಷ್ಟೂ ತಂತಿ ತೆಳುವಾಗುತ್ತದೆ. 26 ಗೇಜು ಎಂದರೆ ಸುಮಾರು 0.4 ಮಿಲಿಮೀಟರ್. ನಾವು ಅಲ್ಲಿಂದ ಶುರು ಮಾಡುತ್ತೇವೆ.

ಹಂತ 3: ಸುತ್ತಿ

26 ಗೇಜಿನ ಕಾಂತಲನ್ನು ಸರಳಿಗೆ ಏಳು ಸುತ್ತು ಸುತ್ತಿ. ಕಂಬಕ್ಕೆ ಹೋಗುವ ಕಾಲುಗಳೂ ಸೇರಿ ಎಂಟೂವರೆ ಸೆಂಟಿಮೀಟರ್ ತಂತಿ ಹಿಡಿಯುತ್ತದೆ, ರೋಧ ಹೆಚ್ಚುಕಡಿಮೆ 1 ಓಮ್ ಬರುತ್ತದೆ. ಅಂಥವೇ ಎರಡನ್ನು ಜೋಡಿಯಾಗಿ ಕೂರಿಸಿದರೆ ಅರ್ಧ ಓಮ್. ಮಲ್ಲಿಗೆಗೂ ಚಿತ್ರದುರ್ಗದ ಕೋಟೆಗೂ ಏಳು ಸುತ್ತು ಸಾಕಾಗಿದೆ; ನನ್ನನ್ನು ಕೇಳಿದರೆ ಕಾಯಿಲ್‌ಗೂ ಸಾಕು. ಆದರೆ ಕೈಪಿಡಿಯನ್ನು ಇಲ್ಲಿಗೇ ಮುಗಿಸಿದರೆ ಈ ಹವ್ಯಾಸಕ್ಕೆ ಅವಮಾನ.

ಯಾಕೆಂದರೆ ಮತಭೇದ ಶುರುವಾಗುವುದೇ ಇಲ್ಲಿಂದ. ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿರಬೇಕು, ಎರಡೆಂಬ ಭಾವವೇ ಇರಬಾರದು ಎನ್ನುವವರು ಅದ್ವೈತಿಗಳು. ಸುತ್ತು ಸುತ್ತಿಗೂ ಭೇದ ಇರಲೇಬೇಕು, ನಡುವೆ ಒಂದು ಕೂದಲಾದರೂ ತೂರಬೇಕು ಎನ್ನುವವರು ದ್ವೈತಿಗಳು. ಅದ್ವೈತಿಗಳಿಗೆ ಎದುರಾಗುವ ಪ್ರಶ್ನೆ ಸರಳ: ಬರಿಯ ತಂತಿಗೆ ಬರಿಯ ತಂತಿ ತಾಗಿದರೆ ಕರೆಂಟು ಸುತ್ತು ಬಳಸಿ ಹೋಗದೆ ಅಡ್ಡದಾರಿ ಹಿಡಿಯುವುದಿಲ್ಲವೇ? ಹೌದು, ಹಿಡಿಯುತ್ತದೆ, ಒಂದೆರಡು ಸುತ್ತು ಕೆಂಡವಾಗಿ ಉಳಿದವು ಕಪ್ಪಗೇ ಇರುತ್ತವೆ. ಆಗ ಚಿಮಟದ ಪಿಂಗಾಣಿ ತುದಿಯಿಂದ ಕಾಯಿಲನ್ನು ಮೆಲ್ಲಗೆ ಮೀಟಬೇಕು, ಯಂತ್ರದ ಗುಂಡಿ ಒತ್ತಿ ಕೆಂಪಗೆ ಕಾಯಿಸಿ, ಗುಂಡಿ ಬಿಟ್ಟು, ಅದುಮಬೇಕು. ಕಾದ ಕಾಂತಲಿನ ಮೈಮೇಲೆ ಅಲ್ಯೂಮಿನಿಯಂ ಆಕ್ಸೈಡಿನ ತೆಳು ಪೊರೆ ಮೂಡುತ್ತದೆ, ಅದರಲ್ಲಿ ಕರೆಂಟು ದಾಟುವುದಿಲ್ಲ. ಆಮೇಲೆ ಸುತ್ತುಗಳು ತಾಗಿಯೂ ತಾಗದಂತೆ ಇರುತ್ತವೆ. ಮನುಷ್ಯರು ಈ ಸ್ಥಿತಿಗಾಗಿ ಜನ್ಮವಿಡೀ ತಪಸ್ಸು ಮಾಡುತ್ತಾರೆ. ಕಾಂತಲ್‌ಗೆ ಕೆಲವು ಸೆಕೆಂಡು ಸಾಕು.

ದ್ವೈತಿಗಳಿಗೆ ಈ ಯಾವ ಸಾಧನೆಯೂ ಬೇಡ. ಅವರ ಸುತ್ತುಗಳ ನಡುವೆ ದ್ರವ ಹರಿದಾಡುತ್ತದೆ, ಬಿಸಿ ಒಂದೇ ಕಡೆ ಒಟ್ಟುಗೂಡುವುದಿಲ್ಲ. ಸಿಗರೇಟಿನಂತೆ ಬಾಯಿಗೆ ಎಳೆದು ಆಮೇಲೆ ಒಳಗೆ ತೆಗೆದುಕೊಳ್ಳುವವರಿಗೆ, ಉಷ್ಣತೆ ಅಳೆದು ಕರೆಂಟು ಬಿಡುವ ಯಂತ್ರಗಳಲ್ಲಿ ಸ್ಟೇನ್‌ಲೆಸ್ ಸ್ಟೀಲ್ ತಂತಿ ಬಳಸುವವರಿಗೆ ಇದೇ ಸರಿ. ಆದರೆ ಅಂತರ ಎಲ್ಲ ಕಡೆ ಒಂದೇ ಸಮ ಇರಬೇಕು. ಸರಳಿನಿಂದ ಬಿಚ್ಚಿ ಸ್ಕ್ರೂ ಬಿಗಿಯುವಾಗ ಅದು ಓರೆಯಾಗುತ್ತದೆ. ಮತ್ತೆ ಸರಳು ತೂರಿಸಿ ನೇರ ಮಾಡಿ. ಮತ್ತೆ ಓರೆಯಾಗುತ್ತದೆ.

ಇಷ್ಟರಲ್ಲಿ ನಿಮಗೆ ಸಾದಾ ತಂತಿ ಬೇಸರ ಬಂದಿರುತ್ತದೆ. ಎರಡು ತಂತಿಯನ್ನು ಹೊಸೆದು ಸುತ್ತಬಹುದು, ಹೊಸೆಯದೆ ಪಕ್ಕಪಕ್ಕ ಇಟ್ಟೂ ಸುತ್ತಬಹುದು. ಎರಡೂ ಮಾಡಿ ನೋಡಿ ಮರೆಯುವಂಥವು. ನಿಜವಾದ ಮಾಯೆ ಕ್ಲಾಪ್ಟನ್. ವೀಣೆಯ ಮಂದ್ರದ ತಂತಿಗೆ ಉಗುರು ಆಡಿಸಿ ನೋಡಿದ್ದರೆ ನಿಮಗೆ ಗೊತ್ತು: ಒಳಗೊಂದು ಗಟ್ಟಿ ತಂತಿ, ಅದರ ಮೈತುಂಬ ಒತ್ತೊತ್ತಾಗಿ ಸುತ್ತಿದ ಎಳೆತಂತಿ. ಗಿಟಾರಿನ ದಪ್ಪ ತಂತಿಯೂ ಹೀಗೇ ಇರುವುದರಿಂದ ಈ ಕಾಯಿಲ್‌ಗೆ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ನನ ಹೆಸರು. ಎಳೆಗಳ ಸಂದಿನಲ್ಲಿ ದ್ರವ ಹಿಡಿದು ನಿಲ್ಲುತ್ತದೆ, ಕಾಯುವ ಮೈ ಹೆಚ್ಚುತ್ತದೆ, ಆವಿಯಲ್ಲಿ ರುಚಿ ಗಾಢವಾಗುತ್ತದೆ. ಇದು ಬರಿಯ ಬಡಾಯಿಯಲ್ಲ, ಒಪ್ಪಿಕೊಳ್ಳಬೇಕು.

ಕಟ್ಟುವ ವಿಧಾನ: ಒಳತಂತಿಯ ಒಂದು ತುದಿಯನ್ನು ಡ್ರಿಲ್ ಮೆಷಿನ್ನಿಗೆ ಸಿಕ್ಕಿಸಿ. ಇನ್ನೊಂದು ತುದಿಗೆ ಗಾಳ ಹಾಕುವವರು ಬಳಸುವ, ತಿರುಗುವ ಪುಟ್ಟ ಕೊಂಡಿ ಹಾಕಿ ಮೇಜಿಗೆ ಬಿಗಿಯಿರಿ. ಡ್ರಿಲ್ ಮೆಲ್ಲಗೆ ತಿರುಗುತ್ತಿರುವಾಗ 36 ಗೇಜಿನ ಎಳೆಯನ್ನು ಬೆರಳಲ್ಲಿ ಹಿಡಿದು ಬಿಡುತ್ತಾ ಬನ್ನಿ. ಬೆರಳು ಸ್ವಲ್ಪ ಹಿಂದೆ ವಾಲಿದರೆ ಎಳೆಯ ಮೇಲೆ ಎಳೆ ಹತ್ತುತ್ತದೆ, ಮುಂದೆ ವಾಲಿದರೆ ಸಂದು ಬೀಳುತ್ತದೆ. ಪಕ್ಕದ ಮನೆಯ ಇಂಗ್ಲಿಷ್ ಮುದುಕಿ ಗೋಡೆ ತಟ್ಟಿದರೆ ಕಪಾಟು ಜೋಡಿಸುತ್ತಿದ್ದೇನೆ ಎನ್ನಿ.

ಒಳಗೆ ಒಂದರ ಬದಲು ಎರಡು ತಂತಿ ಜೋಡಿಸಿ ಸುತ್ತಿದರೆ ಫ್ಯೂಸ್ಡ್ ಕ್ಲಾಪ್ಟನ್. ಚಪ್ಪಟೆ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಸುತ್ತಿದರೆ ಸ್ಟೇಪಲ್. ಏಲಿಯನ್ ಎಂಬುದು ಈ ವಂಶದ ಕಿರೀಟ: ಮೊದಲು ಒಂದು ಕ್ಲಾಪ್ಟನ್ ಕಟ್ಟಿ, ಅದರೊಳಗಿನ ತಂತಿಯನ್ನು ಎಳೆದು ಬಿಸಾಡಿ, ಉಳಿದ ಸ್ಪ್ರಿಂಗನ್ನು ಹದವಾಗಿ ಹಿಗ್ಗಿಸಿ, ಆ ಅಂಕುಡೊಂಕು ಎಳೆಯನ್ನು ಮೂರು ತಂತಿಗಳ ಮೇಲೆ ಮತ್ತೆ ಸುತ್ತಿ. ಕಟ್ಟಿದ್ದನ್ನು ಕೆಡವಿ ಅದರ ಅವಶೇಷದಿಂದ ಇನ್ನೊಂದು ಕಟ್ಟುವ ಈ ಕಲೆಗೆ ಒಂದು ಸಂಜೆ ಬೇಕು. ಮುಗಿದಾಗ ಅದರ ಮೇಲ್ಮೈ ದೇವಸ್ಥಾನದ ಕಂಬದ ಬಳ್ಳಿಕೆತ್ತನೆಯಷ್ಟು ಸೊಗಸಾಗಿರುತ್ತದೆ. ತಕ್ಷಣ ಫೋಟೋ ತೆಗೆಯಿರಿ. ಹತ್ತಿ, ಸಿಹಿದ್ರವ ಬಿದ್ದಮೇಲೆ ಕೆಲವೇ ದಿನಗಳಲ್ಲಿ ಅದರ ಮೇಲೆ ಕಪ್ಪು ಕಿಟ್ಟ ಕಟ್ಟುತ್ತದೆ, ಬಳ್ಳಿ ಯಾವುದು ಕಂಬ ಯಾವುದು ತಿಳಿಯುವುದಿಲ್ಲ.

ತೂತು ತೂತಿನ ತಗಡಿನ ಚೂರೊಂದನ್ನು ಬಾಗಿಸಿ ಕೂರಿಸುವ ಮೆಶ್ ಎಂಬುದೂ ಇದೆ. ಒಂದೇ ಸಮ ಕಾಯುತ್ತದೆ, ಬೇಗ ಕಾಯುತ್ತದೆ, ಸುತ್ತುವ ಕೆಲಸವಿಲ್ಲ. ಇಷ್ಟು ಸುಲಭವಾದದ್ದಕ್ಕೆ ಕೈಪಿಡಿಯಲ್ಲಿ ಜಾಗವಿಲ್ಲ.

ಹಂತ 4: ಹತ್ತಿ

ಹತ್ತಿಯ ಫೋಟೋ ಯಾರೂ ತೆಗೆಯುವುದಿಲ್ಲ, ರುಚಿ ಕೆಟ್ಟಾಗ ಮಾತ್ರ ಬಹುಪಾಲು ತಪ್ಪು ಅದರದೇ. ಬಿಗಿಯಾದರೆ ದ್ರವ ಏರುವುದಿಲ್ಲ, ಸಡಿಲವಾದರೆ ಸೋರುತ್ತದೆ. ಒಣಹತ್ತಿಯ ಮೇಲೆ ಗುಂಡಿ ಒತ್ತಿದರೆ ಗಂಟಲಿಗೆ ಬರುವ ಸುಟ್ಟ ಘಾಟು ಬರಿಯ ಘಾಟಲ್ಲ. ಅತಿಯಾಗಿ ಕಾದ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಒಡೆದು ಫಾರ್ಮಾಲ್ಡಿಹೈಡ್, ಅಕ್ರೋಲಿನ್‌ಗಳು ಹುಟ್ಟುತ್ತವೆ. ಕೆಂಪಗೆ ಕಾಯಿಸುವ ಆಟವೆಲ್ಲ ಹತ್ತಿ ಹಾಕುವ ಮುಂಚೆಯೇ ಮುಗಿಯಲಿ.

ಹಂತ 5: ಲೆಕ್ಕ

ಪೂರ್ತಿ ಚಾರ್ಜಾದ ಒಂದು ಬ್ಯಾಟರಿಯಲ್ಲಿ 4.2 ವೋಲ್ಟ್ ಇರುತ್ತದೆ. ಏಳು ಸುತ್ತಿನ 1 ಓಮ್ ಕಾಯಿಲ್ ಅದರಿಂದ ಎಳೆಯುವುದು 4.2 ಆಂಪಿಯರ್, ಹದಿನೇಳು-ಹದಿನೆಂಟು ವ್ಯಾಟ್. ಫ್ಯೂಸ್ಡ್ ಕ್ಲಾಪ್ಟನ್ ಜೋಡಿ 0.2 ಓಮ್‌ಗೆ ಇಳಿದರೆ 21 ಆಂಪಿಯರ್, 88 ವ್ಯಾಟ್. ಈ ಕೆಲಸಕ್ಕೆ ಬಳಸುವ ಒಳ್ಳೆಯ 18650 ಬ್ಯಾಟರಿಗಳ ತಾಳಿಕೆ 20ರಿಂದ 25 ಆಂಪಿಯರ್. ಸರ್ಕ್ಯೂಟ್ ಇರುವ ಯಂತ್ರ ತಪ್ಪು ಕಂಡರೆ ಕೆಲಸ ನಿಲ್ಲಿಸುತ್ತದೆ. ಸರ್ಕ್ಯೂಟೇ ಇಲ್ಲದ ಹಿತ್ತಾಳೆ ಕೊಳವೆಯಲ್ಲಿ ನಿಮ್ಮನ್ನು ಕಾಯುವುದು ಓಮನ ನಿಯಮ ಮತ್ತು ಆ ಮೀಟರ್ ಮಾತ್ರ. 2018ರಲ್ಲಿ ಫ್ಲಾರಿಡಾದಲ್ಲಿ, 2019ರಲ್ಲಿ ಟೆಕ್ಸಸ್‌ನಲ್ಲಿ ವೇಪ್ ಸಿಡಿದು ಜನ ಸತ್ತಿದ್ದಾರೆ. ಈ ಹಂತವನ್ನು ತಮಾಷೆಯಾಗಿ ಓದಬೇಡಿ.

ಇನ್ನೊಂದು ಲೆಕ್ಕ ಯಾವ ಅಂಗಡಿಯ ಗೋಡೆಯ ಮೇಲೂ ತೂಗುವುದಿಲ್ಲ. ಸಾದಾ ಕಾಯಿಲಿನವನು ಮಿಲಿಲೀಟರಿಗೆ 12 ಮಿಲಿಗ್ರಾಂ ನಿಕೋಟಿನ್ ಇರುವ ದ್ರವವನ್ನು ದಿನಕ್ಕೆ 3 ಮಿಲಿಲೀಟರ್ ಸುಡುತ್ತಾನೆ ಎನ್ನಿ. ಒಟ್ಟು 36 ಮಿಲಿಗ್ರಾಂ. ಏಲಿಯನ್ ಕಟ್ಟಿದವನು, ‘ನಾನು ಬರೀ 3 ಮಿಲಿಗ್ರಾಮಿಗೆ ಇಳಿದೆ’ ಎಂದು ಊರೆಲ್ಲ ಹೇಳಿಕೊಂಡು ಬರುತ್ತಾನೆ. ಆದರೆ ಅವನ ಕಾಯಿಲ್ ದ್ರವ ಕುಡಿಯುವ ಪರಿಗೆ ದಿನಕ್ಕೆ 12 ಮಿಲಿಲೀಟರ್ ಬೇಕಾದರೆ ಮೂರು ಹನ್ನೆರಡಲ ಎಷ್ಟು?

ಬ್ರಿಟನ್ನಿನ ಕಾನೂನು ಟ್ಯಾಂಕಿಗೆ 2 ಮಿಲಿಲೀಟರ್, ನಿಕೋಟಿನ್ ಇರುವ ಬಾಟಲಿಗೆ 10 ಮಿಲಿಲೀಟರ್ ಮಿತಿ ಹಾಕಿದೆ. ಏಲಿಯನ್ ಗೃಹಸ್ಥ ದಿನಕ್ಕೆ ಆರು ಸಲ ಟ್ಯಾಂಕ್ ತುಂಬಿಸಬೇಕು. ಬಾಟಲಿಯ ಮಿತಿಗೆ ವ್ಯಾಪಾರಿಗಳೇ ಉಪಾಯ ಕಂಡುಕೊಂಡಿದ್ದಾರೆ: 60 ಮಿಲಿಲೀಟರ್ ಬಾಟಲಿಯಲ್ಲಿ ನಿಕೋಟಿನ್ ಇಲ್ಲದ ದ್ರವ 50 ಮಿಲಿಲೀಟರ್ ತುಂಬಿ, 18 ಮಿಲಿಗ್ರಾಮಿನ 10 ಮಿಲಿಲೀಟರ್ ಬಾಟಲಿಯನ್ನು ಪಕ್ಕದಲ್ಲಿಟ್ಟು ಮಾರುತ್ತಾರೆ. ಮನೆಗೆ ಬಂದು ಬೆರೆಸಿ ಕುಲುಕಿ. 3 ಮಿಲಿಗ್ರಾಂ ತಯಾರು. ತೆರಿಗೆಯವರು ಇದನ್ನೂ ಗಮನಿಸಿದ್ದಾರೆ. ನಿಕೋಟಿನ್ ಇರಲಿ ಇಲ್ಲದಿರಲಿ, ಪ್ರತಿ 10 ಮಿಲಿಲೀಟರಿಗೆ 2.20 ಪೌಂಡ್ ಸುಂಕಕ್ಕೆ 2026ರ ಅಕ್ಟೋಬರ್ 1ರ ಮುಹೂರ್ತ ಇಟ್ಟಿದ್ದಾರೆ. ಸಾದಾ ಕಾಯಿಲಿನವನಿಗೆ ದಿನಕ್ಕೆ 66 ಪೆನ್ಸ್. ಏಲಿಯನ್ನಿಗೆ 2 ಪೌಂಡ್ 64 ಪೆನ್ಸ್, ಅದೇ 36 ಮಿಲಿಗ್ರಾಮಿಗೆ.

ಹಂತ 6: ಊರಿಗೆ ಹೊರಡುವಾಗ

ಯುಗಾದಿಗೋ ತಂಗಿಯ ಮದುವೆಗೋ ಬೆಂಗಳೂರಿಗೆ ಹೊರಟಿರಿ. ಅಟೊಮೈಸರ್ ತರುವಂತಿಲ್ಲ ಎಂದು ನಿಮಗೆ ಗೊತ್ತು. ಕಾಯಿಲನ್ನಾದರೂ ತರೋಣ, ಚಿಕ್ಕಪ್ಪನ ಮಗನಿಗೆ ಕೈಕೆಲಸ ತೋರಿಸೋಣ ಅನ್ನಿಸುತ್ತದೆ. ಕಾಯ್ದೆ ಪೂರ್ಣ ವಸ್ತುವನ್ನಷ್ಟೇ ಅಲ್ಲ, ಅದರ ಯಾವುದೇ ಭಾಗದ ಆಮದನ್ನೂ ತಡೆದಿದೆ. ಗಣೇಶನ ಮಂಟಪಕ್ಕೆ ಥರ್ಮೋಕೋಲ್ ಕತ್ತರಿಸಲು, ಒಲೆ ರಿಪೇರಿಗೆ ನಿಕ್ರೋಮ್ ತಂತಿ ನಮ್ಮಲ್ಲೇ ಸಿಗುತ್ತದಲ್ಲ ಎಂದು ಕಸ್ಟಮ್ಸ್‌ನವರ ಹತ್ತಿರ ವಾದಿಸಬಹುದು. ಆದರೆ ಏಲಿಯನ್ ಕಾಯಿಲಿನಲ್ಲಿ ಥರ್ಮೋಕೋಲ್ ಕತ್ತರಿಸುವುದನ್ನು ಅವರೆದುರು ಮಾಡಿ ತೋರಿಸುವುದು ಕಷ್ಟ. ಆದ್ದರಿಂದ ಕಾಯಿಲ್, ಹತ್ತಿ, ದ್ರವ ಎಲ್ಲ ಅಲ್ಲೇ ಬಿಟ್ಟು ಬನ್ನಿ. ಸ್ಕ್ರೂಡ್ರೈವರ್ ಚೆಕ್-ಇನ್ ಬ್ಯಾಗಿನಲ್ಲಿ ಬರಲಿ. ಚಿಕ್ಕಮ್ಮನ ಮಿಕ್ಸಿಯ ಸ್ಕ್ರೂ ಹೇಗೂ ಸಡಿಲವಾಗಿರುತ್ತದೆ.