ಮೇಲೆ ನಡೆದ ಸಭೆಗೆ ಕೆಳಗಿನಿಂದ ಅಭಿನಂದನೆ

ನಗರಸಭೆಯ ಮಾನ್ಯ ಪೌರಾಯುಕ್ತರಿಗೆ,

ವಿಷಯ: ಅಂಗವಿಕಲರ ಕುಂದುಕೊರತೆ ಸಭೆಯನ್ನು ಮೊದಲ ಮಹಡಿಯಲ್ಲಿ ಯಶಸ್ವಿಯಾಗಿ ನಡೆಸಿದ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಮೊನ್ನೆಯ ಸಭೆ ಬಹಳ ಸೊಗಸಾಗಿತ್ತಂತೆ. ಮೇಲೆ ಹೋಗಿ ಬಂದವರು ಹೇಳಿದರು. ಗಾಲಿಕುರ್ಚಿಯವರು ನಾವು ಕೆಳಗೆ, ತೆರಿಗೆ ಕಟ್ಟುವ ಕೌಂಟರಿನ ಪಕ್ಕ ಇದ್ದೆವು. ಲಿಫ್ಟ್ ಇದೆ, ಅದರೊಳಗೆ ಹಳೇ ಕಡತಗಳ ಗಂಟುಗಳೂ ಇವೆ.

ಅಷ್ಟರಲ್ಲಿ ನಿಮ್ಮ ಅಟೆಂಡರ್ ಹಾಜರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಇಳಿದು ಬಂದರು. ‘ಇಲ್ಲೇ ಸೈನ್ ಹಾಕ್ಬಿಡಿ ಸಾರ್, ಟೀ ಕಳಿಸ್ತೀನಿ.’ ಹಾಕಿದೆವು. ಟೀಯೂ ಬಂತು. ಪುಸ್ತಕ, ಟೀ ಎರಡೂ ಮೆಟ್ಟಿಲಿಳಿದು ಬರಬಲ್ಲವು, ಸಭೆ ಮಾತ್ರ ಬರಲಾರದು! ಅಂಗವಿಕಲರಿಗೆಂದು ಮೀಸಲಿಟ್ಟ ಶೇ. 5ರ ಅನುದಾನದಲ್ಲಿ ತ್ರಿಚಕ್ರ ವಾಹನ ಕೊಡುವುದೆಂದು ನಮ್ಮೆಲ್ಲರ ಸರ್ವಾನುಮತದಿಂದ ತೀರ್ಮಾನವಾಯಿತಂತೆ. ನಾವು ಕೇಳಬೇಕೆಂದಿದ್ದದ್ದು ಬಸ್ ನಿಲ್ದಾಣದ ಶೌಚಾಲಯಕ್ಕೆ ಗಾಲಿಕುರ್ಚಿ ಹಿಡಿಸುವಂಥ ಬಾಗಿಲು. ಇರಲಿ, ವಾಹನದಲ್ಲಿ ಆ ಬಾಗಿಲವರೆಗೆ ಹೋಗಿ ನೋಡಿಕೊಂಡಾದರೂ ಬರಬಹುದು.

ಮೇಲೆ ಹತ್ತಿದ ನಮ್ಮ ಕಿವುಡ ಗೆಳೆಯನಿಗಾಗಿ ಸನ್ನೆ ಭಾಷೆ ಬಲ್ಲ ಯಾರನ್ನೂ ಕರೆಸಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದಾಗ ಅವನೂ ತಟ್ಟಿದನಂತೆ. ನಡಾವಳಿಯಲ್ಲಿ ಅದು ಒಪ್ಪಿಗೆ.

ಹೊರಗಿನ ರ‍್ಯಾಂಪಿನ ಬಗ್ಗೆ ಒಂದು ಮಾತು. ನಿಯಮದಂತೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ನಿಮ್ಮದು ಎರಡು ಅಡಿ ಎತ್ತರವನ್ನು ಐದೇ ಅಡಿಯಲ್ಲಿ ಮುಗಿಸುತ್ತದೆ. ಸರ್ಕಾರಿ ಕೆಲಸ ಇಷ್ಟು ಚುಟುಕಾಗಿ ಮುಗಿದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಅದರ ನಿಯಮಗಳು ಪ್ರಕಟವಾದಂದಿನಿಂದ ಐದು ವರ್ಷ ಕೊಟ್ಟಿತ್ತು. ಆ ಗಡುವು 2022ರಲ್ಲೇ ಮುಗಿಯಿತು. ಇಂಥ ಮಾನದಂಡಗಳು ಬರೀ ಸಲಹೆಯಾಗಿ ಉಳಿಯುವಂತಿಲ್ಲ, ಕಡ್ಡಾಯವಾಗಬೇಕು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ನಿಮ್ಮಲ್ಲಿಗೆ ಆ ಸುದ್ದಿ ಲಿಫ್ಟಿನಲ್ಲಿ ಬರುತ್ತಿರಬೇಕು.

ಚುನಾವಣೆಯ ಹೊತ್ತಿನ ಮರ್ಯಾದೆಯೇ ಬೇರೆ. 2023ರ ವಿಧಾನಸಭೆ ಚುನಾವಣೆಯಲ್ಲಿ ಶೇ. 40 ಮತ್ತು ಅದಕ್ಕೂ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ಮನೆಯಿಂದಲೇ ಮತದಾನಕ್ಕೆ ಅವಕಾಶವಿತ್ತು. ಅಧಿಕಾರಿಗಳು, ಪೊಲೀಸರು, ವಿಡಿಯೊ ಕ್ಯಾಮೆರಾ, ಮತಪೆಟ್ಟಿಗೆ ಎಲ್ಲವೂ ಹೊಸ್ತಿಲಿಗೇ ಬಂದವು. ನಮ್ಮ ಮತಕ್ಕಾಗಿ ಮನೆವರೆಗೆ ಬರುವ ಸರ್ಕಾರ, ನಮ್ಮ ಮಾತಿಗಾಗಿ ಹದಿನೆಂಟು ಮೆಟ್ಟಿಲು ಇಳಿಯಬಾರದೇ?

ಸ್ಥಳೀಯ ಸಂಸ್ಥೆಗಳಿಗೆ ಅಂಗವಿಕಲರನ್ನೇ ನಾಮನಿರ್ದೇಶನ ಮಾಡಲು ತಮಿಳುನಾಡು 2025ರಲ್ಲಿ ಕಾನೂನು ತಿದ್ದಿಕೊಂಡಿದೆ. ನೀವು ಸದ್ಯಕ್ಕೆ ಅಷ್ಟು ದೂರ ಹೋಗುವುದು ಬೇಡ. ಮುಂದಿನ ಸಭೆಯನ್ನು ನೆಲಮಹಡಿಯಲ್ಲಿ, ಅನುದಾನದ ಪಟ್ಟಿ ಅಂತಿಮವಾಗುವ ಮೊದಲೇ ಕರೆಯಿರಿ.

ಇಂತಿ,
ಹಾಜರಿದ್ದೂ ಸಭೆಯಲ್ಲಿಲ್ಲದ ಒಬ್ಬ ತೆರಿಗೆದಾರ